ಪರದೆಯ ಆಚೆಗಿನ ಕ್ಷೇತ್ರ

ಗುಣಾತ್ಮಕ ಸಂಶೋಧನಾ ವಿಧಾನವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಬೋಧಿಸುವ ಕ್ರಮವು 2020ರ ನಂತರ ವ್ಯಾಪಕವಾಯಿತು. ಸಂದರ್ಶನವನ್ನು ಬರಹಕ್ಕಿಳಿಸುವುದು, ವರ್ಗೀಕರಿಸುವುದು, ಪರಸ್ಪರರ ಅರ್ಥವಿವರಣೆಯನ್ನು ಪರಿಶೀಲಿಸುವುದು ಪರದೆಯ ಮೇಲೆ ಸಮರ್ಪಕವಾಗಿಯೇ ನಡೆಯಬಲ್ಲವು. ಆದರೆ ಇಷ್ಟನ್ನೇ ವಿಧಾನವೆಂದು ಭಾವಿಸುವುದು ಸರಿಯಲ್ಲ.

ಎಂ. ಎನ್. ಶ್ರೀನಿವಾಸರು ರಾಂಪುರವೆಂದು ಹೆಸರಿಟ್ಟ ಮೈಸೂರು ಸೀಮೆಯ ಹಳ್ಳಿಯಲ್ಲಿ 1948ರಲ್ಲಿ ನೆಲೆಸಿ ಕ್ಷೇತ್ರಕಾರ್ಯ ಕೈಗೊಂಡರು. ಅದನ್ನಾಧರಿಸಿ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಆದರೂ ‘ದಿ ರಿಮೆಂಬರ್ಡ್ ವಿಲೇಜ್’ (1976) ಪ್ರಧಾನವಾಗಿ ನೆನಪಿನ ಬಲದಿಂದ ರೂಪುಗೊಂಡಿತು. ಆ ನೆನಪಿಗೆ ಆಧಾರ ಊರಿನವರೊಡನೆ ಬೆಳೆದ ಒಡನಾಟ.

ವಿಶ್ಲೇಷಣೆಯನ್ನು ದೂರದಿಂದ ಕಲಿಸಬಹುದು, ಒಡನಾಟವನ್ನು ಕಲಿಸಲಾಗದು. ದೂರದಿಂದ ಕಲಿಯುವ ವಿದ್ಯಾರ್ಥಿ ಹಲವು ವೇಳೆ ತನ್ನ ಊರಿನಲ್ಲಿಯೇ ಇರುತ್ತಾನೆ. ಅವನನ್ನು ಪರದೆಯಿಂದೆಬ್ಬಿಸಿ ಕೇರಿಗೆ ಕಳುಹಿಸುವ ಪಠ್ಯಕ್ರಮವೇ ಈ ಕೊರತೆಯನ್ನು ನೀಗಬಲ್ಲದು.