ಶನಿವಾರದ ಐದು ಅಂಕ

ಅಮೆರಿಕದ ಬೇಸಿಗೆ ಈಜು ಲೀಗುಗಳನ್ನು ಬೈಯುವವರು ಕಡಿಮೆ. ಬೈಯುವಂಥದ್ದೂ ಹೆಚ್ಚೇನಿಲ್ಲ ಅನ್ನಿ. ಶಾಲೆ ಮುಗಿದ ಮೇಲೆ ಆರೇಳು ವಾರ ಬಡಾವಣೆಯ ಕೊಳದಲ್ಲಿ ಬೆಳಗಿನ ಅಭ್ಯಾಸ, ಶುಕ್ರವಾರ ರಾತ್ರಿ ತಂಡಕ್ಕೆಲ್ಲ ಪಾಸ್ತಾ ಊಟ, ಶನಿವಾರ ಬೆಳಿಗ್ಗೆ ಪಕ್ಕದ ಬಡಾವಣೆಯ ಮೇಲೆ ಪೈಪೋಟಿ. ಮಕ್ಕಳ ತೋಳಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಸ್ಪರ್ಧೆ, ಹೀಟ್, ಲೇನ್‌ಗಳ ಸಂಖ್ಯೆ. ವಾಷಿಂಗ್ಟನ್ ಸುತ್ತಮುತ್ತ ನೆಲೆಸಿದ ಕನ್ನಡದ ಮನೆಗಳ ಮಕ್ಕಳೂ ಈಗ ಈ ತಂಡಗಳಲ್ಲಿದ್ದಾರೆ. ಅಪ್ಪಂದಿರು ಸ್ಟಾಪ್‌ವಾಚ್ ಹಿಡಿದು ಲೇನಿನ ತುದಿಯಲ್ಲಿ, ಅಮ್ಮಂದಿರು ಹೆಸರು ಕೂಗುತ್ತಾ ಪುಟ್ಟ ಮಕ್ಕಳನ್ನು ಸಾಲಿಗೆ ಸೇರಿಸುತ್ತಾ. ಹಾಗೆ ಕೊಳದ ಅಂಚಿನಲ್ಲಿ ನಿಂತು ನೋಡಿದವಳಿಗೆ ಇರುವುದು ಒಂದೇ ತಕರಾರು: ಅಂಕದ ಲೆಕ್ಕ ಕೋಚಿಂಗನ್ನು ಕೆಡಿಸುತ್ತಿದೆ, ಅದರಲ್ಲೂ ಎಲ್ಲರಿಗಿಂತ ಚಿಕ್ಕವರ ಕೋಚಿಂಗನ್ನು.

ಲೆಕ್ಕ ಹೀಗೆ. 1956ರಲ್ಲಿ ಶುರುವಾದ ನಾರ್ದರ್ನ್ ವರ್ಜೀನಿಯಾ ಸ್ವಿಮ್ಮಿಂಗ್ ಲೀಗಿನಲ್ಲಿ ಇವತ್ತು ನೂರರಷ್ಟು ತಂಡಗಳಿವೆ. ಶನಿವಾರದ ‘ಎ ಮೀಟ್’ನಲ್ಲಿ ಪ್ರತಿ ಸ್ಪರ್ಧೆಗೂ ತಂಡಕ್ಕೆ ಮೂವರಂತೆ ಆರು ಲೇನ್ ತುಂಬುತ್ತವೆ. ಮೊದಲು ಬಂದವರಿಗೆ 5 ಅಂಕ, ಆಮೇಲೆ 3, ಆಮೇಲೆ 1. ರಿಲೇ ಸೇರಿ ಒಟ್ಟು 420. ಆ ಮೂವರಲ್ಲಿ ಜಾಗ ಸಿಗದವರಿಗೆ ವಾರದ ಮಧ್ಯೆ ಒಂದು ಸಂಜೆ ‘ಬಿ ಮೀಟ್’. ಅಲ್ಲಿ ತಂಡ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಹೋದ ವಾರದ ನನ್ನ ಸಮಯಕ್ಕಿಂತ ಈ ವಾರ ಎಷ್ಟು ಇಳಿಸಿದೆ ಅನ್ನುವುದಷ್ಟೇ ಮಾತು. ಒಬ್ಬ ಕೋಚ್ ಏನು ಕಲಿಸಿದ್ದಾನೆಂದು ತಿಳಿಯಬೇಕಾದರೆ ನಾನಂತೂ ಬಿ ಮೀಟಿಗೇ ಹೋಗುತ್ತೇನೆ. ಎ ಮೀಟಿನಲ್ಲಿ ಗೆಲ್ಲುವ ಮಕ್ಕಳಲ್ಲಿ ಬಹಳಷ್ಟು ಜನ ವರ್ಷವಿಡೀ ಬೇರೆ ಕ್ಲಬ್ಬಿನಲ್ಲಿ ಈಜುವವರು. ಅವರ ಐದು ಅಂಕದಲ್ಲಿ ಬೇಸಿಗೆ ಕೋಚಿನ ಪಾಲು ಎಷ್ಟು?

ಕೋಚುಗಳ ಬಗ್ಗೆಯೂ ಹೇಳಬೇಕು. ಮುಖ್ಯ ಕೋಚ್ ಸಾಮಾನ್ಯವಾಗಿ ಶಾಲಾ ಮೇಷ್ಟ್ರೋ, ಕಾಲೇಜಿನಲ್ಲಿ ಈಜಿದವರೋ ಆಗಿರುತ್ತಾರೆ. ಅವರ ಕೈಕೆಳಗೆ ಹೈಸ್ಕೂಲು ಹುಡುಗ ಹುಡುಗಿಯರು. ಆರು ವರ್ಷದವರ ಲೇನು ಹದಿನಾರರ ಹುಡುಗಿಯ ಪಾಲಿಗೆ ಬರುತ್ತದೆ. ದೇಹ ನೀರಿಗೆ ಹೊಂದಿಕೊಳ್ಳುತ್ತಿರುವ ವಯಸ್ಸಿನವರಿಗೆ ಎಲ್ಲರಿಗಿಂತ ಎಳೆಯ ಕೋಚ್! ತಂತ್ರದ ದೃಷ್ಟಿಯಿಂದ ಇದು ತಲೆಕೆಳಗು. ಆದರೂ ಇದನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ನಮ್ಮ ಹಳ್ಳಿಯ ಬಾವಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನೀರಿಗೆ ಇಳಿಸುತ್ತಿದ್ದವನೂ ನಾಲ್ಕೈದು ವರ್ಷ ದೊಡ್ಡವನಾದ ಪಕ್ಕದ ಮನೆಯ ಅಣ್ಣನೇ ತಾನೆ? ಮಗು ನೀರಿಗೆ ಹೆದರದಿರುವುದು ನಂಬಿಕೆಯಿಂದ, ಸರ್ಟಿಫಿಕೇಟಿನಿಂದಲ್ಲ. ಹದಿನಾರರ ಕೋಚ್ ತಾನೂ ಅದೇ ಶನಿವಾರ ಅದೇ ಕೊಳಕ್ಕೆ ಧುಮುಕುತ್ತಾಳೆ, ಪುಟ್ಟವರು ಅಂಚಿನಲ್ಲಿ ನಿಂತು ಅವಳ ಹೆಸರನ್ನೇ ಕೂಗುತ್ತಾರೆ. ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದ ಕೇಟಿ ಲೆಡೆಕಿ ಮೊದಲು ತಂಡ ಸೇರಿದ್ದು 6ನೇ ವಯಸ್ಸಿನಲ್ಲಿ, ಅಣ್ಣನ ಜೊತೆ, ಮೇರಿಲ್ಯಾಂಡಿನ ಪ್ಯಾಲಿಸೇಡ್ಸ್ ಎಂಬ ಇಂಥದೇ ಬೇಸಿಗೆ ಕೊಳದಲ್ಲಿ. ಆಗ ಅವಳ ಮುಂದಿದ್ದುದು ಕೊಳದ ಒಂದು ಉದ್ದವನ್ನು ನಿಲ್ಲದೆ ಮುಗಿಸುವ ಸವಾಲು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ 800 ಮೀಟರ್ ಗೆದ್ದಾಗ ಅವಳಿಗೆ 15.

ಕೆಡುವುದು ಎಲ್ಲಿ ಎಂದು ನೋಡಬೇಕಾದರೆ ಎಂಟು ವರ್ಷದೊಳಗಿನವರ 25 ಮೀಟರ್ ಬಟರ್‌ಫ್ಲೈ ನೋಡಬೇಕು. ಮೊದಲ ಎಂಟು ಹತ್ತು ಮೀಟರ್ ಎರಡೂ ತೋಳು ಒಟ್ಟಿಗೇ ನೀರಿನ ಮೇಲೆ ಬರುತ್ತವೆ. ಆಮೇಲೆ ಸೊಂಟ ಕುಸಿಯುತ್ತದೆ, ಗಲ್ಲ ಆಕಾಶ ನೋಡುತ್ತದೆ, ಮೊಣಕೈ ನೀರಿನಲ್ಲೇ ಎಳೆದುಕೊಂಡು ಬರುತ್ತದೆ. ಕಾಲುಗಳು ಜೊತೆ ಬಿಟ್ಟು ಒಂದಾದ ಮೇಲೊಂದು ಒದೆಯತೊಡಗುತ್ತವೆ. ಅಂಚಿನಲ್ಲಿ ನಡೆದು ಬರುತ್ತಿದ್ದ ತೀರ್ಪುಗಾರರ ಕೈ ಮೇಲೇಳುತ್ತದೆ. ಇಷ್ಟೆಲ್ಲ ದಾಟಿ ಬಂದವನು ಕೊನೆಗೆ ಗೋಡೆಯನ್ನು ಒಂದೇ ಕೈಯಲ್ಲಿ ಮುಟ್ಟಿದರೂ ಅನರ್ಹ. ಆರು ಮಕ್ಕಳಲ್ಲಿ ಮೂವರು ಅನರ್ಹರಾದರೆ ಉಳಿದ ಮೂವರು ಎಷ್ಟೇ ನಿಧಾನವಾಗಿ ಬಂದಿರಲಿ, ಐದು, ಮೂರು, ಒಂದು ಅಂಕ ಅವರದೇ.

ಇದು ಕೋಚುಗಳಿಗೆಲ್ಲ ಗೊತ್ತು. ಆದ್ದರಿಂದಲೇ ಜೂನ್ ತಿಂಗಳಲ್ಲಿ, ಪಕ್ಕಕ್ಕೆ ತಿರುಗಿ ಉಸಿರೆಳೆಯಲು ಇನ್ನೂ ಬಾರದ ಮಗುವಿಗೆ, ತೀರ್ಪುಗಾರರ ಕಣ್ಣು ದಾಟುವಷ್ಟು ಬಟರ್‌ಫ್ಲೈ ಹೇಳಿಕೊಡುವ ಆತುರ. ನಿಯಮ ಕೇಳುವುದು ತೋಳು ಒಟ್ಟಿಗೆ, ಕಾಲು ಒಟ್ಟಿಗೆ, ಗೋಡೆಗೆ ಎರಡು ಕೈ. ಆದರೆ ಆ ಈಜು ನಿಂತಿರುವುದು ಎದೆಯಿಂದ ಸೊಂಟಕ್ಕೆ ಇಳಿಯುವ ಅಲೆಯ ಮೇಲೆ, ಯಾವ ಒದೆತಕ್ಕೆ ಯಾವ ಉಸಿರು ಎಂಬ ಹೊಂದಾಣಿಕೆಯ ಮೇಲೆ. ಅದು ಆರು ವಾರದಲ್ಲಿ, ಲೇನಿಗೆ ಆರೇಳು ಮಕ್ಕಳನ್ನು ತುಂಬಿಸಿದ ಮುಕ್ಕಾಲು ಗಂಟೆಯಲ್ಲಿ ಬರುವುದಿಲ್ಲ. ಬರುವುದು ತಲೆಯೆತ್ತಿ ಒದ್ದಾಡುವ ಅಭ್ಯಾಸ. ಅಷ್ಟರಲ್ಲಿ ಫ್ರೀಸ್ಟೈಲಿನ ಉಸಿರಾಟ, ಗೋಡೆ ಒದ್ದು ಮೈ ನೀಳವಾಗಿಸಿ ಜಾರುವುದು, ಬೆನ್ನ ಮೇಲೆ ನೆಮ್ಮದಿಯಾಗಿ ತೇಲುವುದು, ಯಾವತ್ತೋ ಒಂದು ದಿನ ಜೀವ ಉಳಿಸಬಹುದಾದ ಇವೆಲ್ಲ ಅರ್ಧಂಬರ್ಧ ಉಳಿಯುತ್ತವೆ. ಪುಟ್ಟವರ ಲೇನಿಗೆ ಮೊದಲ ಎರಡು ವಾರವಾದರೂ ಮುಖ್ಯ ಕೋಚೇ ಇಳಿದು ನಿಲ್ಲಬೇಕು ಎಂಬುದು ನನ್ನ ವಾದ. ಆದರೆ ಅವರು ಆಗ ಆಳದ ತುದಿಯಲ್ಲಿ, ದೊಡ್ಡವರ ರಿಲೇ ತಂಡ ಕಟ್ಟುವುದರಲ್ಲಿರುತ್ತಾರೆ.

ಬೆಂಗಳೂರಿನ ಬೇಸಿಗೆ ಶಿಬಿರಗಳನ್ನು ಕಂಡವರು, ಇದಕ್ಕಿಂತ ನಮ್ಮದೇ ವಾಸಿ ಎನ್ನಬಹುದು. ಏಪ್ರಿಲ್, ಮೇ ತಿಂಗಳ ಇಪ್ಪತ್ತೊಂದು ದಿನದ ಬ್ಯಾಚ್, ಅಂಕವಿಲ್ಲ, ಅವಸರದ ಬಟರ್‌ಫ್ಲೈ ಇಲ್ಲ. ನಿಜ, ಆದರೆ ಅಲ್ಲಿ ತಂಡವೂ ಇಲ್ಲ. ಕಂಬಿ ಹಿಡಿದು ಕಾಲು ಬಡಿದ ಮಗುವಿಗೆ ಪಕ್ಕದ ಮಗುವಿನ ಹೆಸರೇ ಗೊತ್ತಿರುವುದಿಲ್ಲ, ಜೂನ್ ಬಂದರೆ ಕೊಳ ಮರೆತೇ ಹೋಗುತ್ತದೆ. ಚುರುಕಾದ ಕೆಲವರು ಕ್ಲಬ್ಬುಗಳಿಗೆ ಹೋಗಿ ಬೆಳೆಯುತ್ತಾರೆ, ಧಿನಿಧಿ ದೇಸಿಂಗು 14ರ ವಯಸ್ಸಿಗೆ ಬೆಂಗಳೂರಿನಿಂದ 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದಳು. ಸಾಧಾರಣವಾಗಿ ಈಜುವ ಮಗುವಿಗೆ ಮುಂದಿನ ಬೇಸಿಗೆಯೂ ನೀರಿಗೆ ಬರಬೇಕು ಅನ್ನಿಸುವಂಥದ್ದು ನಮ್ಮಲ್ಲಿ ಇಲ್ಲ. ಅಮೆರಿಕದ ಲೀಗಿನ ದೊಡ್ಡತನ ಇರುವುದು ಆ ಸಾಧಾರಣ ಮಗುವಿಗೂ ಒಂದು ಟೋಪಿ, ಒಂದು ಲೇನು ಕೊಡುವುದರಲ್ಲಿ.

ಎಲ್ಲ ಮಕ್ಕಳಿಗೂ ಕೊಟ್ಟಿತೇ? ಈ ಕೊಳಗಳು ಸದಸ್ಯರ ಸ್ವತ್ತು. 1950ರ, 60ರ ದಶಕಗಳಲ್ಲಿ ಬಿಳಿಯರ ಬಡಾವಣೆಗಳೊಡನೆ ಬೆಳೆದಂಥವು. ಲೀಗಿನಲ್ಲಿ ಇಂದಿಗೂ ತಂಡವಿರುವ ಲಿಟಲ್ ಹಂಟಿಂಗ್ ಪಾರ್ಕ್, ಬಿಳಿಯ ಸದಸ್ಯನೊಬ್ಬ ತನ್ನ ಮನೆಯ ಜೊತೆ ಸದಸ್ಯತ್ವವನ್ನೂ ಕಪ್ಪು ಬಾಡಿಗೆದಾರನಿಗೆ ಕೊಟ್ಟಾಗ ಒಪ್ಪಲಿಲ್ಲ. ಪ್ರತಿಭಟಿಸಿದ ಆ ಸದಸ್ಯನನ್ನೂ ಹೊರಹಾಕಿತು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ಕಾನೂನುಬಾಹಿರ ಎಂದಿತು. ಮೇರಿಲ್ಯಾಂಡಿನ ವೀಟನ್-ಹೇವನ್ ಕೊಳದ ಇಂಥದೇ ತಕರಾರು 1973ರಲ್ಲಿ ಇತ್ಯರ್ಥವಾಯಿತು. ಕಪ್ಪು ಮಕ್ಕಳಲ್ಲಿ ಶೇಕಡಾ 64 ಮಂದಿಗೆ ಈಜು ಬರುವುದೇ ಇಲ್ಲ ಅಥವಾ ಅಷ್ಟಕ್ಕಷ್ಟೇ ಎಂದು ಯುಎಸ್ಎ ಸ್ವಿಮ್ಮಿಂಗ್ ಫೌಂಡೇಶನ್ 2017ರಲ್ಲಿ ಹೇಳಿದ್ದನ್ನು ಓದುವಾಗ ಈ ತೀರ್ಪುಗಳು ನೆನಪಾಗುತ್ತವೆ. ಇವತ್ತು ನಮ್ಮ ಮಕ್ಕಳು ನಿಶ್ಚಿಂತೆಯಾಗಿ ಟೋಪಿ ಹಾಕಿಕೊಂಡು ಅಲ್ಲಿಗೆ ಓಡುವುದರ ಹಿಂದೆಯೂ ಅವು ಇವೆ. ತಡೆ ಈಗ ಬಣ್ಣದ್ದಲ್ಲ, ಸದಸ್ಯತ್ವದ ಹಣದ್ದು.

ಬಣ್ಣದ ಆ ನಿಯಮ ಬದಲಾಗಲು ಸುಪ್ರೀಂ ಕೋರ್ಟೇ ಬೇಕಾಯಿತು. ಅಂಕದ ನಿಯಮಕ್ಕೆ ಲೀಗಿನ ಸಮಿತಿಯ ಒಂದು ಸಭೆ ಸಾಕು. ಎಂಟು ವರ್ಷದೊಳಗಿನವರ ಬಟರ್‌ಫ್ಲೈ ಇರಲಿ, ಬಯಸಿದ ಮಕ್ಕಳು ಈಜಲಿ, ರಿಬ್ಬನ್ನೂ ಕೊಡಲಿ. ಅಂಕ ಮಾತ್ರ ಬೇಡ. ಹುಡುಗರದೊಂದು, ಹುಡುಗಿಯರದೊಂದು, ಎರಡು ಸ್ಪರ್ಧೆ ಸೇರಿ 420ರಲ್ಲಿ ಕಡಿಮೆಯಾಗುವುದು 18.