ಹೊಲಿಗೆ ಮೆಷಿನ್ನಿನ ಮೇಲೊಂದು ಆಟದ ಪೆಟ್ಟಿಗೆ

"ಅಮ್ಮಾವ್ರೇ, ಇದು ದೇವ್ರ ಮಂಟಪವೋ ಇಲ್ಲಾ ಟೀವಿ ಇಡೋ ಗೂಡೋ, ಮೊದ್ಲು ಅದನ್ನ ಹೇಳಿ. ದೇವ್ರಿಗಾದ್ರೆ ಮೇಲ್ಗಡೆ ಗೋಪುರ ತೆಗೀಬೇಕು."

ಲೆಕ್ಕದ ಪುಸ್ತಕದ ಹಾಳೆಯಲ್ಲಿ ನಾನು ಬರೆದಿದ್ದ ನಕ್ಷೆಯನ್ನು ಪಾಂಡವಪುರದ ನಮ್ಮ ಆಚಾರರು ತಿರುಗಿಸಿ ಮುರುಗಿಸಿ ನೋಡಿ ಹೀಗೆ ಕೇಳಿದರು. ಎರಡೂ ಅಲ್ಲ, ಆಟ ಆಡುವ ಪೆಟ್ಟಿಗೆ ಎಂದೆ. "ಮಗ ಬೆಂಗಳೂರಿಂದ ಬಂದಾಗ ಆಡಾಕಾ?" ಎಂದರು. ನನಗೇ ಎನ್ನಲು ನಾಲಿಗೆ ಹೊರಳಲಿಲ್ಲ. "ಹೂಂ, ಮಗನಿಗೆ" ಎಂದುಬಿಟ್ಟೆ.

ಆ ಸಣ್ಣ ಸುಳ್ಳು ಬಹಳ ದಿನ ಮನಸ್ಸಿನಲ್ಲಿ ಮುಳ್ಳಿನಂತೆ ಆಡುತ್ತಿತ್ತು. ಐವತ್ತು ದಾಟಿದ ಹೆಂಗಸು ರಂಗೋಲಿ ಪುಸ್ತಕ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಆಟ ಕೇಳಿದರೆ ಮಾತ್ರ ಅದಕ್ಕೊಂದು ಮಗು ಬೇಕು. ಕಾದಂಬರಿ ಓದಿ ವಿಮರ್ಶೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಒಂದು ಆಟವನ್ನು, ಆ ಆಟ ಕೂತ ಪೆಟ್ಟಿಗೆಯನ್ನು ಯಾಕೆ ಹಾಗೆ ಓದಬಾರದು? ಇದು ಅಂಥದೊಂದು ಪ್ರಯತ್ನ.

ಆಟದ ಪೆಟ್ಟಿಗೆ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಇಲ್ಲಿಂದ ಕೂಗಳತೆಯ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಬಳಿ ಒಂದು ಮರದ ಹುಲಿ ಇತ್ತು. ಕೆಳಗೆ ಅಂಗಾತ ಬಿದ್ದ ಯುರೋಪಿನ ಸೈನಿಕ, ಮೇಲೆ ಕುತ್ತಿಗೆಗೆ ಬಾಯಿ ಹಾಕಿದ ಹುಲಿ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಹೊಟ್ಟೆಯಲ್ಲಿ 18 ಸ್ವರದ ಪುಟ್ಟ ಆರ್ಗನ್ ಬೇರೆ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಲೂಟಿಯ ಜೊತೆ ಹುಲಿಯೂ ಹಡಗು ಹತ್ತಿತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಅದನ್ನು ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿ ತಿರುಗಿಸಿದ್ದೇ ತಿರುಗಿಸಿದ್ದು. ಅಲ್ಲೇ ಕೂತು ಓದುತ್ತಿದ್ದ ವಿದ್ವಾಂಸರಿಗೆ ಗದ್ದಲ ತಡೆಯಲಾಗಲಿಲ್ಲ. ಕಡೆಗೆ ಹಿಡಿಯೇ ಕಾಣೆಯಾಯಿತು.

ಇವತ್ತು ಆ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಹಿಂದಿದೆ. ಅದನ್ನು ಕುರಿತು ರಾಜಕೀಯ ಬರೆದವರು ಬಹಳ. ನನಗೆ ಕಾಣುವುದು ಬೇರೆ. ಅದು ಕೈ ಬೇಡುವ ವಸ್ತು. ಹಿಡಿ ತಿರುಗಿಸುವ ಕೈ ಇಲ್ಲದಿದ್ದರೆ ಅದು ಬಣ್ಣ ಬಳಿದ ಮರದ ದಿಮ್ಮಿ. ಹಾಗೆಯೇ ಅದು ಒಂದೇ ಮಾತನ್ನು ಹೇಳುವ ಆಟಿಕೆ ಕೂಡ. ಎಷ್ಟು ಸಲ ತಿರುಗಿಸಿದರೂ ಹುಲಿಯೇ ಗೆಲ್ಲುತ್ತದೆ, ಬಿದ್ದವನು ಏಳುವುದಿಲ್ಲ. ಆಡುವವರು ಸೋಲುವ ಸಂಭವವೇ ಇಲ್ಲದ್ದನ್ನು ಆಟ ಎನ್ನಲಾದೀತೇ? ಅದು ಪ್ರದರ್ಶನ.

ಆಟವೆಂದರೆ ಸೋಲೂ ಬೇಕು. ಅದಕ್ಕೇ ನನ್ನ ಪೆಟ್ಟಿಗೆಗೆ ಪ್ಯಾಕ್‌ಮನ್ ಆರಿಸಿಕೊಂಡೆ.

ಜಾಗದ ಮಾತು ಮೊದಲು. ನಮ್ಮದು ಎರಡು ಕೋಣೆಯ ಮನೆ. ಹಳೆಯ ಕಾಲದ ವಿಡಿಯೋ ಆಟದ ಪೆಟ್ಟಿಗೆಗಳೋ ಬೀರುವಿನಷ್ಟು ಎತ್ತರ, ನಿಂತು ಆಡುವಂಥವು. ಬೀರು ಇಡುವ ಜಾಗದಲ್ಲಿ ಆಗಲೇ ಬೀರು ಇದೆ. ಜಪಾನಿನಲ್ಲಿ 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಬಂದಾಗ ಕಾಫಿ ಅಂಗಡಿಗಳ ಮೇಜುಗಳೇ ಆಟದ ಪೆಟ್ಟಿಗೆಗಳಾಗಿದ್ದವಂತೆ. ಗಾಜಿನ ಮೇಲೆ ಕಾಫಿ, ಗಾಜಿನ ಕೆಳಗೆ ಆಟ. ಅದು ತಿಳಿದ ಮೇಲೆ ನನಗೂ ದಾರಿ ಹೊಳೆಯಿತು. ನನ್ನ ತುಳಿಯುವ ಹೊಲಿಗೆ ಮೆಷಿನ್ನಿನ ತಲೆ ಒಳಗೆ ಮಡಚಿದರೆ ಮೇಲೆ ಚೊಕ್ಕ ಮಣೆ. ಕೂತರೆ ಮೊಣಕೈಗೆ ಸರಿಯಾದ ಎತ್ತರ. ನನ್ನ ಅಳತೆಗೆಂದೇ ಈ ಮನೆಯಲ್ಲಿ ಬಂದ ಏಕೈಕ ಸಾಮಾನು ಅದು.

12 ಮಿಲಿಮೀಟರಿನ ಅರ್ಧ ಹಾಳೆ ಪ್ಲೈವುಡ್ ಸಾಕಾಯಿತು. ಉದ್ದನೆಯ ಕೊಯ್ತ ಆಚಾರರದು, ಉಳಿದದ್ದು ನನ್ನದು. ಆಯುಧಗಳೆಂದರೆ ಕೈ ಡ್ರಿಲ್ಲು, ಅರ, ಸ್ಕ್ರೂ ಡ್ರೈವರು, ಉಪ್ಪುಕಾಗದ, ಫೆವಿಕಾಲು. ಬಟನ್ನಿಗೆ 30 ಮಿಲಿಮೀಟರಿನ ತೂತು ಬೇಕು, ಅಷ್ಟು ದೊಡ್ಡದು ಕೊರೆಯುವ ಬ್ಲೇಡು ನನ್ನಲ್ಲಿಲ್ಲ. ಬಳೆ ಇಟ್ಟು ಗೀಟು ಹಾಕುವ ಹಾಗೆ ವೃತ್ತ ಬರೆದು, ಅದರ ಒಳಗಂಚಿಗೆ ಒತ್ತೊತ್ತಾಗಿ ಸಣ್ಣ ತೂತು ಕೊರೆದು, ನಡುವಿನ ಬಿಲ್ಲೆಯನ್ನು ತಟ್ಟಿ ಬೀಳಿಸಿ, ಅರದಿಂದ ಉಜ್ಜಿದೆ. ಪ್ಯಾಕ್‌ಮನ್ ಆರಿಸಿದ್ದರ ಲಾಭ ಇಲ್ಲಿ ತಿಳಿಯಿತು. ಅದಕ್ಕೆ ಗುಂಡು ಹಾರಿಸುವ ಬಟನ್ ಇಲ್ಲ. ಒಂದು ಹಿಡಿ, ಶುರುಮಾಡಲು ಒಂದೆರಡು ಬಟನ್, ಅಷ್ಟೆ.

ಎರಡು ತಪ್ಪು ಮಾಡಿದೆ, ನೀವು ಮಾಡಬೇಡಿ. ಎಂಟು ದಿಕ್ಕಿಗೆ ಹೊರಳುವ ಹಿಡಿ ಕೊಂಡೆ. ಪ್ಯಾಕ್‌ಮನ್ನನ ಲೋಕದಲ್ಲಿ ಇರುವುದು ನಾಲ್ಕೇ ದಿಕ್ಕು. ಹಿಡಿ ಮೂಲೆಗೆ ವಾಲಿದಾಗ ಅವನು ತಿರುವಿನಲ್ಲಿ ತಬ್ಬಿಬ್ಬಾಗಿ ಭೂತದ ಬಾಯಿಗೆ ಬೀಳುತ್ತಿದ್ದ. ಅಡಿಯಲ್ಲಿನ ತಡೆಬಿಲ್ಲೆಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಕೂರಿಸಿದ ಮೇಲೆ ಸರಿಹೋಯಿತು. ಇನ್ನೊಂದು, ಹಳೆಯ ಮಾನಿಟರನ್ನು ಅಡ್ಡಕ್ಕೇ ಇಟ್ಟಿದ್ದು. ಆ ಆಟದ ಚಿತ್ರ ಅಗಲಕ್ಕಿಂತ ಎತ್ತರ ಹೆಚ್ಚಿರುವ ಚಿತ್ರ. ಮಾನಿಟರನ್ನು ನೆಟ್ಟಗೆ ನಿಲ್ಲಿಸಿದೆ, ಪೆಟ್ಟಿಗೆಯೂ ಕಿರಿದಾಯಿತು. ಹಿಂಬದಿ ಬಿಸಿ ಹೋಗಲು ತೂತು, ಅಡಿಗೆ ರಬ್ಬರಿನ ಕಾಲು. ಎರಕದ ಕೆಲಸಕ್ಕೆ ಹೆಸರಾದ ನಾಗಮಂಗಲದಿಂದ ನನ್ನ ತಂಗಿ ಹಿತ್ತಾಳೆಯ ಎರಡು ಕೀಲು ತಂದುಕೊಟ್ಟಳು. ಹಿಂಬಾಗಿಲಿಗೆ ಅವೇ ಶೋಭೆ.

ಇನ್ನು ಆಟದ ಮಾತು. ಪ್ಯಾಕ್‌ಮನ್ 1980ರಲ್ಲಿ ಜಪಾನಿನ ನಾಮ್ಕೋ ಕಂಪನಿ ತಂದ ಆಟ, ತೋರು ಇವಾತಾನಿ ಎಂಬಾತ ರೂಪಿಸಿದ್ದು. ಆಟದ ಅಂಗಡಿಗಳೆಲ್ಲ ಗಂಡಸರ ಅಡ್ಡೆಯಾಗಿದ್ದವು, ಹೆಂಗಸರೂ ಬರಲಿ ಎಂದು ಆತ ಯೋಚಿಸಿದ. ಹೆಂಗಸರಿಗೆ ಏನು ಇಷ್ಟ ಎಂದು ಹುಡುಕಿ ಹುಡುಕಿ, ತಿನ್ನುವುದು ಎಂಬಲ್ಲಿಗೆ ಬಂದು ನಿಂತ! ಇದನ್ನು ಮೊದಲು ಓದಿದಾಗ ನಗು ಬಂತು. ತಿನ್ನುವುದು ನಮಗೆ ಇಷ್ಟವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಮಹಾನುಭಾವ ಬಡಿಸಿದ ಎಲೆ ನೋಡಿ. 240 ಚುಕ್ಕಿ, 4 ದೊಡ್ಡ ಗುಳಿಗೆ, ಎಲ್ಲವೂ ಸಿದ್ಧ. ಬೇಯಿಸಿದವರು ಯಾರು? ಕೇಳುವ ಹಾಗಿಲ್ಲ. ಊಟ ತಾನಾಗಿ ಎಲೆಗೆ ಬೀಳುತ್ತದೆ ಎಂದು ನಂಬಿದವನೇ ಹೀಗೆ ಬಡಿಸಬಲ್ಲ.

ಆದರೂ ನನಗೆ ಅರಿವಿಲ್ಲದೆ ಅವನು ನನ್ನ ಕಥೆಯನ್ನೇ ಬರೆದಿದ್ದ. ಎಲ್ಲ ಚುಕ್ಕಿ ಮುಗಿಸಿದ ಗಳಿಗೆಯಲ್ಲೇ ಅದೇ ಓಣಿ, ಅಷ್ಟೇ ಚುಕ್ಕಿ ಮತ್ತೆ ತುಂಬಿ ನಿಲ್ಲುತ್ತವೆ. ತೊಳೆದು ಬೋರಲು ಹಾಕಿದ ಪಾತ್ರೆ ರಾತ್ರಿಗೆ ಮತ್ತೆ ಮುಸುರೆಯಾಗುವ ಹಾಗೆ. ಗೆದ್ದೆ ಎನ್ನುವ ಪುಟವೇ ಇಲ್ಲ. ಜಾಣರು 255 ಸುತ್ತು ದಾಟಿದರೆ 256ನೆಯದರಲ್ಲಿ ಯಂತ್ರದ ಲೆಕ್ಕವೇ ತಪ್ಪಿ ಬಲಗಡೆಯ ಅರ್ಧ ಪರದೆ ಕಲಸುಮೇಲೋಗರ. ಬೆನ್ನು ಹತ್ತುವ ನಾಲ್ಕು ಭೂತಗಳಿಗೂ ಒಂದೊಂದು ಸ್ವಭಾವ. ಕೆಂಪು ನೇರ ಅಟ್ಟಿಬರುತ್ತದೆ, ಗುಲಾಬಿ ಮುಂದೆ ಹೋಗಿ ಹೊಂಚುತ್ತದೆ, ಕಿತ್ತಳೆಯದು ಹತ್ತಿರ ಬಂದು ಪುಕ್ಕಲಾಗಿ ಹಿಂದಿರುಗುತ್ತದೆ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಇವರ ಪರಿಚಯ ಬೇಕಿಲ್ಲ.

1982ರಲ್ಲಿ ಅಮೆರಿಕದಲ್ಲಿ ಮಿಸ್ ಪ್ಯಾಕ್‌ಮನ್ ಬಂತು. ಅದೇ ಹಳದಿ ಮುಖಕ್ಕೆ ಒಂದು ರಿಬ್ಬನ್ನು, ತುಟಿಗೆ ಬಣ್ಣ, ಕೆನ್ನೆಗೊಂದು ಮಚ್ಚೆ. ಹೆಣ್ಣೆಂದರೆ ಇಷ್ಟೇ ಎಂದು ಮೂಗು ಮುರಿಯಲಿದ್ದೆ. ಮಗನ ಹಳೆಯ ಪ್ಲೇಸ್ಟೇಷನ್ನಿನಲ್ಲಿ ಆಡಿ ನೋಡಿದ ಮೇಲೆ ಮಾತು ಬದಲಿಸಬೇಕಾಯಿತು. ಓಣಿಗಳು ನಾಲ್ಕು ಬಗೆ. ಭೂತಗಳ ನಡೆ ಬಾಯಿಪಾಠಕ್ಕೆ ಸಿಗದು. ಗಂಡಿನ ಆಟವನ್ನು ಉರುಹೊಡೆದು ಗೆಲ್ಲಬಹುದು, ಇವಳದನ್ನು ಕಣ್ಣು ಬಿಟ್ಟುಕೊಂಡೇ ಆಡಬೇಕು. ಸಂದೇಹವಿಲ್ಲದೆ ಇವಳದೇ ಮೇಲಾದ ಆಟ.

ಆದರೆ ಅವಳು ನನ್ನ ಪೆಟ್ಟಿಗೆಯಲ್ಲಿಲ್ಲ. ಕದ್ದ ಪ್ರತಿ ಬೇಡವೆಂದು ಕಂಪನಿಯೇ 2022ರಲ್ಲಿ ಹೊರತಂದ ಹಳೆಯ ಆಟಗಳ ಸಂಗ್ರಹವನ್ನು ದುಡ್ಡು ಕೊಟ್ಟು ಕೊಂಡಿದ್ದೆ. ಅದರಲ್ಲಿ ಅವನಿದ್ದಾನೆ, ಅವಳಿಲ್ಲ. ಹಕ್ಕಿನ ತಕರಾರಂತೆ. ಓದಿ ಸುಮ್ಮನೆ ಕೂತೆ. ಕೆ.ಆರ್. ಪೇಟೆಯ ತವರಿನಲ್ಲಿ ಆಸ್ತಿ ಪಾಲಾದಾಗ, 2005ರ ಕಾನೂನು ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಮೇಲೂ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅರಿಶಿನ ಕುಂಕುಮ, ಸೀರೆ ತೆಗೆದುಕೊಂಡು ಬಂದವಳು ನಾನು. ಪಹಣಿಯಲ್ಲಿ ಅವರಿದ್ದಾರೆ, ನಾನಿಲ್ಲ.

ಆ ದಿನ ನಾನು ಕೇಳಿ ತಂದದ್ದು ಒಂದೇ, ಅಮ್ಮನ ಅಳಗುಳಿ ಮಣೆ. ಹದಿನಾಲ್ಕು ಗುಳಿ, ಒಂದು ಡಬ್ಬಿ ಹುಣಸೆ ಬೀಜ. ವಿಮರ್ಶಕಳಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಮ್ಮನ ಮಣೆಯೇ ದೊಡ್ಡದು ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ. ಪ್ಯಾಕ್‌ಮನ್ನನಿಗೆ ತಿನ್ನುವುದೊಂದೇ ಗೊತ್ತು. ಅಳಗುಳಿ ಮಣೆಯಲ್ಲಿ ಬಿತ್ತದೆ ಆಟವೇ ಇಲ್ಲ, ನನ್ನ ಕೈಯ ಬೀಜ ಎದುರಾಳಿಯ ಗುಳಿಗೂ ಬೀಳಲೇಬೇಕು. ಅದಕ್ಕೆ ಎದುರಿಗೊಬ್ಬರು ಬೇಕು, ಕರೆಂಟು ಬೇಡ. ಅಮ್ಮನಿಗೆ ಎದುರಿಗೊಬ್ಬರು ಇದ್ದರು, ಅತ್ತಿಗೆ, ನಾದಿನಿ, ಪಕ್ಕದ ಮನೆಯಾಕೆ. ಮಧ್ಯಾಹ್ನ ಮೂರಕ್ಕೆ ನನ್ನ ಎದುರಿಗೆ ಯಾರೂ ಇಲ್ಲ. ಪ್ಯಾಕ್‌ಮನ್ನನ ಪೆಟ್ಟಿಗೆಗೆ ನನ್ನ ಮನೆಯಲ್ಲಿ ಜಾಗ ಸಿಕ್ಕಿದ್ದು ಆ ಖಾಲಿಯಲ್ಲಿ. ಅದು ಆಟದ ಹಿರಿಮೆಯಲ್ಲ, ಕಾಲದ ಲೋಪ.

ಮೊನ್ನೆ ಹಿತ್ತಲ ಬಾಗಿಲು ಉಜ್ಜಲು ಬಂದಿದ್ದ ಆಚಾರರು ಪೆಟ್ಟಿಗೆಯ ಮುಂದೆ ನಿಂತರು. ತೂತಿನ ಅಂಚಿನ ಮೇಲೆ ಬೆರಳಾಡಿಸಿದರು. "ಇದ್ಯಾರು ಕೊರದೋರು? ಒಂಚೂರು ಓರೆ ಆಗದೆ."

"ನಾನೇ ಆಚಾರ್ರೇ. ಆಡೋಳೂ ನಾನೇ, ಮಗ ಅಲ್ಲ."

ಅವರು ನಗಲಿಲ್ಲ. ಇನ್ನೊಂದು ಸಲ ಬೆರಳಾಡಿಸಿ, "ಇನ್ಮೇಲೆ ಬೇಕಾದ್ರೆ ಕೇಳಿ, ಉಳಿ ಕೊಟ್ಟಿರ್ತೀನಿ" ಎಂದು ಬಾಗಿಲ ಕಡೆ ಹೋದರು.