ಉಪಕರಣದ ಚರಿತ್ರೆ, ಉಪಕರಣದ ಎಣಿಕೆ: ಶಸ್ತ್ರಚಿಕಿತ್ಸೆಯಲ್ಲಿ ಆರ್‌ಎಫ್‌ಐಡಿ

ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮುಟ, ಫೋರ್ಸೆಪ್ಸ್‌ಗಳಿಗೆ ರೇಡಿಯೊ ತರಂಗಗಳ ಮೂಲಕ ಓದಬಹುದಾದ ಪುಟ್ಟ ಟ್ಯಾಗ್‌ಗಳನ್ನು ಕೂರಿಸುವ ಆರ್‌ಎಫ್‌ಐಡಿ ಪದ್ಧತಿಯಿಂದ ಎರಡು ಕೆಲಸಗಳನ್ನು ನಿರೀಕ್ಷಿಸಲಾಗುತ್ತದೆ: ಯಾವ ಉಪಕರಣ ಯಾವ ರೋಗಿಗೆ ಬಳಕೆಯಾಯಿತು, ಎಷ್ಟು ಬಾರಿ ಶುದ್ಧೀಕರಣಗೊಂಡಿತು ಎಂಬ ಚರಿತ್ರೆಯನ್ನು ಕಾಪಾಡುವುದು ಒಂದು, ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ ಎಲ್ಲವೂ ಹಿಂದಿರುಗಿವೆಯೇ ಎಂದು ಎಣಿಸುವುದು ಇನ್ನೊಂದು. ಮೊದಲನೆಯದರಲ್ಲಿ ಈ ಪದ್ಧತಿ ನಿಜಕ್ಕೂ ಬೆಲೆಯುಳ್ಳದ್ದು. ಎರಡನೆಯದರಲ್ಲಿ ಅದಕ್ಕೆ ಒಪ್ಪಿಸಬಹುದಾದ ಹೊಣೆ ಸೀಮಿತವಾದದ್ದು.

ಟ್ಯಾಗ್‌ನ ತಯಾರಿಕೆಯ ಹಿಂದಿರುವ ಜಾಣ್ಮೆಯನ್ನು ಮೊದಲು ಮೆಚ್ಚಬೇಕು. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರವಾದ ರೀಡರ್ ಹೊರಸೂಸುವ ತರಂಗದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಭಾರತದಲ್ಲಿ ಬಳಕೆಯಲ್ಲಿರುವ 865 ಮೆಗಾಹರ್ಟ್ಸ್ ಆಸುಪಾಸಿನ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್ ಆಗಿರುವಾಗ, ಫೋರ್ಸೆಪ್ಸ್‌ನ ಹಿಡಿಯ ಮೇಲೆ ಕೂರುವಷ್ಟು ಚಿಕ್ಕ ಆಂಟೆನಾ ಅದಕ್ಕೆ ಸರಿಯಾಗಿ ಸ್ಪಂದಿಸುವುದು ಕಷ್ಟ. ಅಡಿಯಲ್ಲಿರುವ ಉಕ್ಕು ತರಂಗವನ್ನು ಪ್ರತಿಫಲಿಸಿ ಆ ಕಷ್ಟವನ್ನು ಹೆಚ್ಚಿಸುತ್ತದೆ. ಸೆರಾಮಿಕ್ ಕವಚದ ಟ್ಯಾಗ್‌ಗಳು, ಉಪಕರಣದ ಲೋಹವನ್ನೇ ಆಂಟೆನಾದ ಭಾಗವಾಗಿಸಿಕೊಳ್ಳುವ ವಿನ್ಯಾಸಗಳು ಇದಕ್ಕೆ ಕಂಡುಕೊಂಡ ಉತ್ತರಗಳು. ಇದರ ಮೇಲೆ ಕ್ಷಾರೀಯ ಮಾರ್ಜಕ, ಶ್ರವಣಾತೀತ ಕಂಪನದ ತೊಳೆತ, ಆಟೋಕ್ಲೇವ್‌ನ 134 ಡಿಗ್ರಿ ಸೆಲ್ಸಿಯಸ್ ಹಬೆ, ಇವೆಲ್ಲವನ್ನೂ ಟ್ಯಾಗ್ ಮತ್ತೆ ಮತ್ತೆ ತಾಳಿಕೊಳ್ಳಬೇಕು.

ಚರಿತ್ರೆಯ ದಾಖಲೆ ಏಕೆ ಮುಖ್ಯವೆಂಬುದಕ್ಕೆ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆ ಬಲವಾದ ನಿದರ್ಶನ. ಮಿದುಳನ್ನು ಹಾಳುಗೆಡವುವ ಈ ರೋಗಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಸಾಮಾನ್ಯ ಶುದ್ಧೀಕರಣಕ್ಕೆ ಪೂರ್ತಿ ಮಣಿಯುವುದಿಲ್ಲವಾದ್ದರಿಂದ, ರೋಗ ತಡವಾಗಿ ಪತ್ತೆಯಾದಾಗ ಆ ರೋಗಿಗೆ ಬಳಸಿದ ಉಪಕರಣಗಳು ಮುಂದೆ ಯಾರಿಗೆ ಬಳಕೆಯಾದವು ಎಂದು ತಿಳಿಯಲೇಬೇಕಾಗುತ್ತದೆ. ಇಡೀ ಟ್ರೇಯನ್ನು ಒಂದು ಘಟಕವಾಗಿ ನಮೂದಿಸುವ ಪುಸ್ತಕ, ಟ್ರೇಗಳ ನಡುವೆ ಅದಲುಬದಲಾದ ಒಂದು ಚಿಮುಟದ ಜಾಡನ್ನು ಹೇಳಲಾರದು. ಬಿಡಿ ಟ್ಯಾಗ್ ಹೇಳಬಲ್ಲದು.

ಎಣಿಕೆಯ ಮಾತು ಬೇರೆ. ಉತ್ತರ ಕೊಟ್ಟ ಟ್ಯಾಗ್ ಉಪಕರಣ ಇದೆಯೆಂದು ಸಾರುತ್ತದೆ; ಆದರೆ ಉತ್ತರ ಬಾರದಿದ್ದರೆ ಉಪಕರಣ ಕಾಣೆಯಾಗಿರಬಹುದು, ಟ್ಯಾಗ್ ಕೆಟ್ಟಿರಬಹುದು, ಅಥವಾ ಟ್ರೇಯಲ್ಲಿ ಒಂದರ ಮೇಲೊಂದು ಬಿದ್ದ ಉಕ್ಕಿನ ಮರೆಯಲ್ಲಿ ಅದು ಸಿಕ್ಕಿಕೊಂಡಿರಬಹುದು. ಈ ಮೂರನ್ನೂ ರೀಡರ್ ಬೇರ್ಪಡಿಸಲಾರದು. ಸುಳ್ಳು ಎಚ್ಚರಿಕೆಗಳು ಪದೇ ಪದೇ ಬಂದಲ್ಲಿ ನಿಜವಾದ ಎಚ್ಚರಿಕೆಯನ್ನೂ ಸಿಬ್ಬಂದಿ ಕಡೆಗಣಿಸುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸುರಕ್ಷತಾ ತಪಾಸಣಾ ಪಟ್ಟಿ ಉಪಕರಣ, ಸ್ಪಂಜು, ಸೂಜಿಗಳ ಎಣಿಕೆಯನ್ನು ಬಾಯಿಬಿಟ್ಟು ದೃಢಪಡಿಸುವಂತೆ ಕೇಳುತ್ತದೆ. ಟ್ಯಾಗ್ ಆ ಎಣಿಕೆಗೆ ಒತ್ತಾಸೆಯಾಗಬೇಕೇ ಹೊರತು ಬದಲಿಯಾಗಬಾರದು.

ಬಾಳಿಕೆಯ ಪರೀಕ್ಷೆಯೂ ಟ್ಯಾಗ್ ಬದುಕುಳಿಯಿತೇ ಎಂಬಲ್ಲಿಗೆ ನಿಲ್ಲಬಾರದು. ಫೋರ್ಸೆಪ್ಸ್‌ನ ಎರಡು ತೋಳುಗಳು ಕೂಡುವ ಕೀಲಿನಲ್ಲಿ ರಕ್ತ ಒಣಗಿ ಉಳಿಯುವುದು ಶುದ್ಧೀಕರಣ ವಿಭಾಗಕ್ಕೆ ಹಳೆಯ ತಲೆನೋವು. ಟ್ಯಾಗ್‌ನ ಅಂಟು ಸ್ವಲ್ಪ ಬಿರಿದರೂ ಅಂಥದೇ ಇನ್ನೊಂದು ಸಂದು ಹುಟ್ಟುತ್ತದೆ. ಆದ್ದರಿಂದ ಅಂಟಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡುವ ಕ್ರಮ ಪದ್ಧತಿಯ ಭಾಗವೇ ಆಗಬೇಕು. ಟ್ಯಾಗ್ ಕೂರದಷ್ಟು ಸೂಕ್ಷ್ಮವಾದ ಕಣ್ಣಿನ ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಲೇಸರ್‌ನಿಂದ ಕೆತ್ತಿದ ಡೇಟಾಮ್ಯಾಟ್ರಿಕ್ಸ್ ಸಂಕೇತವೇ ಹೆಚ್ಚು ಸೂಕ್ತ. ಒಂದೊಂದನ್ನೇ ಕ್ಯಾಮೆರಾದ ಮುಂದೆ ಹಿಡಿದು ಓದಬೇಕಾದ ಆ ಸಂಕೇತ ನಿಧಾನದ್ದಾದರೂ ಉಕ್ಕಿನ ಮೇಲೆ ಏನನ್ನೂ ಹೊಸದಾಗಿ ಹೇರುವುದಿಲ್ಲ. ಟ್ಯಾಗ್ ಇರುವ ಉಪಕರಣದಲ್ಲೂ ಅದು ಜೊತೆಗಿದ್ದರೆ, ಟ್ಯಾಗ್ ಕೆಟ್ಟ ದಿನವೂ ಉಪಕರಣದ ಚರಿತ್ರೆ ಕಡಿದುಹೋಗುವುದಿಲ್ಲ.